ಸ್ಕಾಟ್ಲೆಂಡಿನಲ್ಲಿರುವ ಕನ್ನಡಿಗರಿಗೆ: ಹಾಲಿರೂಡ್ ಪಾರ್ಲಿಮೆಂಟಿನಲ್ಲಿ ನಿಮ್ಮ ಮತ, ನಿಮ್ಮ ಅರ್ಜಿ

"ನಮ್ಮದು ಇಂಡಿಯನ್ ಪಾಸ್‌ಪೋರ್ಟ್. ಇಲ್ಲಿ ನಮಗೆ ಓಟಿದೆಯಾ?" ಗ್ಲಾಸ್ಗೋ, ಎಡಿನ್‌ಬರ್ಗ್, ಅಬರ್ಡೀನ್‌ಗಳಲ್ಲಿ ಓದುತ್ತಿರುವ, ಕೆಲಸ ಮಾಡುತ್ತಿರುವ ಕನ್ನಡಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದೆ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಚಾಲ್ತಿಯಲ್ಲಿರುವ ವೀಸಾದೊಂದಿಗೆ ಸ್ಕಾಟ್ಲೆಂಡಿನಲ್ಲಿ ವಾಸವಿರುವ ಭಾರತೀಯರಿಗೆ ಇಲ್ಲಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿದೆ. ಸ್ಟೂಡೆಂಟ್ ವೀಸಾ, ಗ್ರಾಜುಯೇಟ್ ವೀಸಾ, ಸ್ಕಿಲ್ಡ್ ವರ್ಕರ್ ವೀಸಾ, ಯಾವುದಾದರೂ ಸರಿ. ಬ್ರಿಟಿಷ್ ಪೌರತ್ವ ಬೇಕಿಲ್ಲ. ಇಲ್ಲಿ ಮತ ಹಾಕಿದ ಮಾತ್ರಕ್ಕೆ ಭಾರತದ ಪೌರತ್ವಕ್ಕೆ ಧಕ್ಕೆಯೂ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದರೆ ಅದು ಹೋಗುತ್ತದೆ, ಮತ ಹಾಕಿದ್ದಕ್ಕಲ್ಲ.

ಓಟು ಐದು ವರ್ಷಕ್ಕೊಮ್ಮೆ ಬರುತ್ತದೆ. ನಡುವಿನ ದಿನಗಳಲ್ಲಿ ಈ ಪಾರ್ಲಿಮೆಂಟನ್ನು ಬಳಸಿಕೊಳ್ಳಲು ಇನ್ನೂ ಮೂರು ದಾರಿಗಳಿವೆ. ನಮ್ಮವರಲ್ಲಿ ಬಹಳ ಮಂದಿಗೆ ಅವು ಗೊತ್ತಿಲ್ಲ, ಗೊತ್ತಿದ್ದವರೂ ತಪ್ಪು ಬಾಗಿಲು ತಟ್ಟಿ ಬೇಸತ್ತು ಸುಮ್ಮನಾಗುತ್ತಾರೆ. ಆದ್ದರಿಂದ ಬಾಗಿಲು ಯಾವುದು ಎಂಬಲ್ಲಿಂದಲೇ ಶುರು ಮಾಡೋಣ.

ಕೈಯಲ್ಲಿರಬೇಕಾದದ್ದು ಇಷ್ಟೇ: ನಿಮ್ಮ ಮನೆಯ ಪೋಸ್ಟ್‌ಕೋಡ್, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ (ಕೆಲಸ ಮಾಡುವವರಿಗೆ ಕೊಡುವ ವೈಯಕ್ತಿಕ ಸಂಖ್ಯೆ), ಪಾಸ್‌ಪೋರ್ಟ್.

ಹಂತ 1: ನಿಮ್ಮ ವಿಷಯ ಯಾರ ಕೈಯಲ್ಲಿದೆ ಎಂದು ನೋಡಿಕೊಳ್ಳಿ

1997ರ ಸೆಪ್ಟೆಂಬರ್ 11ರ ಜನಮತಗಣನೆಯಲ್ಲಿ ಸ್ಕಾಟ್ಲೆಂಡಿನ ಜನ ತಮ್ಮದೇ ಪಾರ್ಲಿಮೆಂಟ್ ಬೇಕೆಂದರು. 1998ರ ಸ್ಕಾಟ್ಲೆಂಡ್ ಕಾಯ್ದೆ ಅದನ್ನು ಹುಟ್ಟುಹಾಕಿತು. 1999ರ ಮೇ 6ರಂದು ಮೊದಲ ಚುನಾವಣೆ ನಡೆದು, ಜುಲೈ 1ರಿಂದ ಅಧಿಕಾರ ಕೈಗೆ ಬಂತು. ಎಡಿನ್‌ಬರ್ಗ್‌ನ ಹಾಲಿರೂಡ್ ಎಂಬಲ್ಲಿ ಇರುವುದರಿಂದ ಎಲ್ಲರೂ ಅದನ್ನು ಹಾಲಿರೂಡ್ ಎಂದೇ ಕರೆಯುತ್ತಾರೆ. ಲಂಡನ್ನಿನ ಯುಕೆ ಪಾರ್ಲಿಮೆಂಟ್ ವೆಸ್ಟ್‌ಮಿನ್‌ಸ್ಟರ್.

ಅಧಿಕಾರ ಹಂಚಿಕೆ ನಮ್ಮ ಸಂವಿಧಾನದಂತಲ್ಲ. ನಮ್ಮ ಏಳನೇ ಅನುಸೂಚಿಯಲ್ಲಿ ಕೇಂದ್ರ, ರಾಜ್ಯ, ಸಮವರ್ತಿ ಎಂದು ಮೂರು ಪಟ್ಟಿಗಳಿವೆ, ಯಾವುದರಲ್ಲೂ ಇಲ್ಲದ ವಿಷಯ ಕೇಂದ್ರಕ್ಕೆ ಸೇರುತ್ತದೆ. ಇಲ್ಲಿರುವುದು ಒಂದೇ ಪಟ್ಟಿ, ಲಂಡನ್ ತನ್ನ ಬಳಿ ಉಳಿಸಿಕೊಂಡ ವಿಷಯಗಳದ್ದು. ಅವಕ್ಕೆ 'ರಿಸರ್ವ್ಡ್' ಎನ್ನುತ್ತಾರೆ. ಅದರಲ್ಲಿ ಇಲ್ಲದ್ದೆಲ್ಲ ಹಾಲಿರೂಡಿಗೆ ಸೇರಿದ್ದು, ಅಂದರೆ 'ಡಿವಾಲ್ವ್ಡ್'.

ವೀಸಾ, ವೀಸಾ ಜೊತೆ ಕಟ್ಟುವ ಆರೋಗ್ಯ ಶುಲ್ಕ, ಪೌರತ್ವ, ರಕ್ಷಣೆ, ವಿದೇಶಾಂಗ, ಕೆಲಸಗಾರರ ಕಾನೂನು, ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವಿನ ಹಣ) ಎಲ್ಲವೂ ಲಂಡನ್ನಿನದು. ಆಸ್ಪತ್ರೆ, ಶಾಲೆ, ವಿಶ್ವವಿದ್ಯಾಲಯ, ಪೊಲೀಸ್, ನ್ಯಾಯಾಲಯ, ಬಾಡಿಗೆ ಮನೆಯ ಕಾನೂನು, ಕೃಷಿ, ಪರಿಸರ ಹಾಲಿರೂಡಿನವು. 2011ರಿಂದ ಇಲ್ಲಿ ವೈದ್ಯರ ಚೀಟಿಯ ಔಷಧಿಗೆ ದುಡ್ಡಿಲ್ಲ. 2022ರ ಜನವರಿ 31ರಿಂದ 22 ವರ್ಷದೊಳಗಿನವರಿಗೆ ಬಸ್ ಪ್ರಯಾಣ ಉಚಿತ. ಎರಡೂ ಇಲ್ಲೇ ಆದ ತೀರ್ಮಾನಗಳು. ಬಾಡಿಗೆ ಮನೆಯ ಮುಂಗಡವನ್ನು ಮಾಲೀಕ 30 ಕೆಲಸದ ದಿನಗಳೊಳಗೆ ಮಾನ್ಯತೆ ಪಡೆದ ಠೇವಣಿ ಸಂಸ್ಥೆಯಲ್ಲಿ ಇಡಲೇಬೇಕು ಎಂಬ ನಿಯಮವೂ ಹಾಲಿರೂಡ್ ಮಾಡಿದ್ದು.

ಇವೆರಡರ ಕೆಳಗೆ 32 ಕೌನ್ಸಿಲುಗಳಿವೆ. ಕಸ, ಬೀದಿದೀಪ, ಮಗುವಿಗೆ ಯಾವ ಶಾಲೆಯಲ್ಲಿ ಸೀಟು ಎಂಬುದಕ್ಕೆ ಅಲ್ಲಿನ ಕೌನ್ಸಿಲರನ್ನು ಹಿಡಿಯಬೇಕು.

ಎಡವುವ ಜಾಗ: ಆದಾಯ ತೆರಿಗೆ ಇಬ್ಬರ ಕೈಯಲ್ಲೂ ಇದೆ. ಸಂಬಳದ ಮೇಲಿನ ದರ ಮತ್ತು ಹಂತಗಳು ಹಾಲಿರೂಡಿನವು. ತೆರಿಗೆ ಇಲ್ಲದ ಮೊದಲ ಮೊತ್ತ, ಬಡ್ಡಿ ಮತ್ತು ಡಿವಿಡೆಂಡ್ ಮೇಲಿನ ತೆರಿಗೆ ಲಂಡನ್ನಿನದು. ಸಂಬಳದ ಚೀಟಿ ತೆಗೆದು ತೆರಿಗೆ ಕೋಡ್ ನೋಡಿ. ಸ್ಕಾಟ್ಲೆಂಡಿನ ತೆರಿಗೆದಾರರಾಗಿದ್ದರೆ ಅದು 'ಎಸ್' ಅಕ್ಷರದಿಂದ ಶುರುವಾಗುತ್ತದೆ. ಇಂಗ್ಲೆಂಡಿನಿಂದ ಬಂದು ಇಲ್ಲಿ ನೆಲೆಸಿಯೂ ತೆರಿಗೆ ಇಲಾಖೆಗೆ ಹೊಸ ವಿಳಾಸ ಕೊಡದಿದ್ದರೆ ಹಳೆಯ ಕೋಡೇ ಮುಂದುವರಿದು, ಬಾಕಿ ಕಟ್ಟಿ ಎಂದು ಆಮೇಲೆ ಕಾಗದ ಬರಬಹುದು.

ಹಂತ 2: ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿ

ಹೆಸರು ತಾನಾಗಿಯೇ ಸೇರುವುದಿಲ್ಲ. ಯುಕೆ ಸರ್ಕಾರದ ಜಾಲತಾಣದ ಮತದಾರರ ನೋಂದಣಿ ಪುಟದಲ್ಲಿ ಐದು ನಿಮಿಷದಲ್ಲಿ ಮುಗಿಯುವ ಕೆಲಸ ಇದು. ಪೌರತ್ವ ಕೇಳುವಲ್ಲಿ ಭಾರತ ಎಂದೇ ಬರೆಯಿರಿ. ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಇನ್ನೂ ಸಿಕ್ಕಿಲ್ಲದ ವಿದ್ಯಾರ್ಥಿಗಳು ಅದಕ್ಕಾಗಿ ಕಾಯುತ್ತಾ ಕೂರಬೇಕಿಲ್ಲ. ಇಲ್ಲ ಎಂದು ನಮೂದಿಸಿ ಅರ್ಜಿ ಕಳುಹಿಸಿದರೆ ನೋಂದಣಿ ಕಚೇರಿಯೇ ಬೇರೆ ದಾಖಲೆ ಕೇಳುತ್ತದೆ. ಆ ಕಾಗದಕ್ಕೆ ಉತ್ತರಿಸದೆ ಬಿಟ್ಟು ಹೆಸರು ಸೇರದೆ ಹೋದವರು ಬಹಳ.

ಕಡೆಯ ದಿನ ಮತದಾನಕ್ಕೆ 12 ಕೆಲಸದ ದಿನ ಮೊದಲು. ಶನಿವಾರ, ಭಾನುವಾರ, ಸರ್ಕಾರಿ ರಜೆ ಲೆಕ್ಕಕ್ಕಿಲ್ಲ, ಹಾಗಾಗಿ ಕ್ಯಾಲೆಂಡರಿನಲ್ಲಿ ಎರಡೂವರೆ ವಾರದಷ್ಟಾಗುತ್ತದೆ. ಮತದಾನದ ದಿನಕ್ಕೆ 16 ತುಂಬಿದ್ದರೆ ಸಾಕು, 14ಕ್ಕೇ ನೋಂದಾಯಿಸಬಹುದು. ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದರೆ ಇದನ್ನು ಅವರಿಗೆ ಹೇಳಿ. ಭಾರತದಲ್ಲಿ 18 ಎಂಬುದು ತಲೆಯಲ್ಲಿ ಕೂತಿರುವುದರಿಂದ ತಂದೆ-ತಾಯಿಗೇ ಇದು ಹೊಳೆಯುವುದಿಲ್ಲ.

ಗಮನಿಸಿ:

- ಮನೆ ಬದಲಿಸಿದಾಗಲೆಲ್ಲ ಹೊಸದಾಗಿ ನೋಂದಾಯಿಸಬೇಕು.
- ಅರ್ಜಿಯಲ್ಲಿ 'ಓಪನ್ ರಿಜಿಸ್ಟರ್' ಎಂಬ ಪ್ರಶ್ನೆ ಬರುತ್ತದೆ. ಅದು ಯಾರು ಬೇಕಾದರೂ ಕೊಳ್ಳಬಹುದಾದ ಪಟ್ಟಿ. ಬೇಡವೆಂದರೂ ಮತದ ಹಕ್ಕಿಗೆ ಏನೂ ಆಗುವುದಿಲ್ಲ.
- ಸಾಲದ ಸಂಸ್ಥೆಗಳು ವಿಳಾಸ ತಾಳೆ ನೋಡಲು ಪೂರ್ಣ ಮತದಾರರ ಪಟ್ಟಿ ಬಳಸುತ್ತವೆ. ಹೊಸದಾಗಿ ಬಂದವರಿಗೆ ಮೊಬೈಲ್ ಕರಾರಿಗೂ ಬ್ಯಾಂಕ್ ಸಾಲಕ್ಕೂ ಇದು ನೆರವಾಗುತ್ತದೆ.

ಹಂತ 3: ಎರಡು ಮತಪತ್ರಗಳ ಲೆಕ್ಕ ಅರ್ಥ ಮಾಡಿಕೊಳ್ಳಿ

ಬೂತಿಗೆ ಹೋಗುವ ಮೊದಲೇ ತಿಳಿದಿರಬೇಕಾದ್ದು ಇದು. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇಲ್ಲೇ.

ಸದನದಲ್ಲಿ 129 ಸ್ಥಾನಗಳು. 73 ನಮ್ಮ ವಿಧಾನಸಭೆಯಂತೆ ಒಂದು ಕ್ಷೇತ್ರಕ್ಕೆ ಒಬ್ಬರು, ಹೆಚ್ಚು ಮತ ಪಡೆದವರು ಗೆದ್ದಂತೆ. ಉಳಿದ 56 ಪ್ರಾಂತ್ಯಗಳವು: 8 ಪ್ರಾಂತ್ಯ, ಒಂದೊಂದಕ್ಕೆ 7 ಸ್ಥಾನ. ನಿಮಗೆ ಎರಡು ಮತಪತ್ರ ಕೊಡುತ್ತಾರೆ. 2021ರಲ್ಲಿ ಕ್ಷೇತ್ರದ್ದು ತಿಳಿ ನೇರಳೆ, ಪ್ರಾಂತ್ಯದ್ದು ಪೀಚ್ ಬಣ್ಣ. ಕ್ಷೇತ್ರದ ಪತ್ರದಲ್ಲಿ ಅಭ್ಯರ್ಥಿಗಳ ಹೆಸರಿದ್ದರೆ, ಪ್ರಾಂತ್ಯದ ಪತ್ರದಲ್ಲಿ ಪಕ್ಷಗಳ ಹೆಸರು (ಜೊತೆಗೆ ಪಕ್ಷೇತರರಿದ್ದರೆ ಅವರದ್ದು) ಇರುತ್ತದೆ.

ಪ್ರಾಂತ್ಯದ ಮತವನ್ನು 'ಎರಡನೇ ಮತ' ಎನ್ನುವುದರಿಂದ ಅದು ಎರಡನೇ ಆಯ್ಕೆಯ ಮತ ಎಂದುಕೊಳ್ಳುವವರೇ ಹೆಚ್ಚು. ಹಾಗಲ್ಲ. ಅದು ಬೇರೆಯದೇ ಸ್ಥಾನಗಳಿಗೆ ಹಾಕುವ ಪೂರ್ಣ ಮತ. ಯಾವ ಪಕ್ಷಕ್ಕೆ ಒಟ್ಟು ಎಷ್ಟು ಸ್ಥಾನ ಎಂಬುದರ ಮೇಲೆ ಅದರ ಪ್ರಭಾವ ಕ್ಷೇತ್ರದ ಮತಕ್ಕಿಂತ ಹೆಚ್ಚು ಎಂದರೂ ತಪ್ಪಿಲ್ಲ.

ಲೆಕ್ಕ ಹೀಗೆ. ಪಕ್ಷದ ಪ್ರಾಂತ್ಯ ಮತವನ್ನು, ಆ ಪ್ರಾಂತ್ಯದಲ್ಲಿ ಅದು ಈಗಾಗಲೇ ಗೆದ್ದ ಸ್ಥಾನಗಳಿಗೆ 1 ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸುತ್ತಾರೆ. ಯಾರ ಭಾಗಲಬ್ಧ ದೊಡ್ಡದೋ ಅವರಿಗೆ ಒಂದು ಸ್ಥಾನ. ಆ ಪಕ್ಷದ ಭಾಜಕ ಒಂದು ಏರುತ್ತದೆ. ಹೀಗೆ ಏಳು ಸುತ್ತು. ಇದಕ್ಕೆ ಡಿ'ಹಾಂಟ್ ವಿಧಾನ ಎನ್ನುತ್ತಾರೆ.

2021ರ ಗ್ಲಾಸ್ಗೋ ಪ್ರಾಂತ್ಯವನ್ನೇ ತೆಗೆದುಕೊಳ್ಳಿ. ಅಲ್ಲಿನ 9 ಕ್ಷೇತ್ರಗಳನ್ನೂ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಗೆದ್ದಿತ್ತು. ಪ್ರಾಂತ್ಯದ ಮತದಲ್ಲೂ ಅದೇ ಎಲ್ಲರಿಗಿಂತ ಮುಂದೆ, ಸುಮಾರು 1,33,900. ಆದರೆ 9 ಈಗಾಗಲೇ ಗೆದ್ದಿದ್ದರಿಂದ ಭಾಜಕ 10, ಅಂದರೆ ಸುಮಾರು 13,390. ಲೇಬರ್ 74,088, ಕನ್ಸರ್ವೇಟಿವ್ 37,027, ಗ್ರೀನ್ 36,114 ಪಡೆದಿದ್ದವು. ಈ ಮೂವರೂ ಕ್ಷೇತ್ರಗಳಲ್ಲಿ ಏನೂ ಗೆಲ್ಲದ್ದರಿಂದ ಅವರ ಭಾಜಕ 1ರಿಂದ ಶುರು.

1. ಮೊದಲ ಸ್ಥಾನ ಲೇಬರ್‌ಗೆ (74,088).
2. ಲೇಬರ್ ಈಗ 2ರಿಂದ ಭಾಗಿಸಿ 37,044. ಕನ್ಸರ್ವೇಟಿವ್‌ಗಿಂತ 17 ಹೆಚ್ಚು. ಮತ್ತೆ ಲೇಬರ್.
3. ಕನ್ಸರ್ವೇಟಿವ್ (37,027).
4. ಗ್ರೀನ್ (36,114).
5. ಲೇಬರ್, 3ರಿಂದ ಭಾಗಿಸಿ 24,696.
6. ಲೇಬರ್, 4ರಿಂದ ಭಾಗಿಸಿ 18,522.
7. ಕನ್ಸರ್ವೇಟಿವ್, 2ರಿಂದ ಭಾಗಿಸಿ 18,513. ಗ್ರೀನ್‌ನದು 18,057, ಸಿಗಲಿಲ್ಲ.

ಒಟ್ಟು ಲೇಬರ್ 4, ಕನ್ಸರ್ವೇಟಿವ್ 2, ಗ್ರೀನ್ 1. ಎಲ್ಲರಿಗಿಂತ ಹೆಚ್ಚು ಮತ ಪಡೆದ ಪಕ್ಷಕ್ಕೆ ಪ್ರಾಂತ್ಯದಿಂದ ಸೊನ್ನೆ. ಇದು ಅನ್ಯಾಯವಲ್ಲ, ವ್ಯವಸ್ಥೆಯ ಉದ್ದೇಶವೇ ಇದು: ಕ್ಷೇತ್ರಗಳಲ್ಲಿ ಮತ ಬಿದ್ದೂ ಸ್ಥಾನ ಸಿಗದವರಿಗೆ ಇಲ್ಲಿ ಸರಿದೂಗಿಸುವುದು. ಏಳನೇ ಸ್ಥಾನ ಸಾವಿರಕ್ಕೂ ಕಡಿಮೆ ಮತದಲ್ಲಿ ಗ್ರೀನ್ ಕೈತಪ್ಪಿದ್ದನ್ನೂ ನೋಡಿ. ಅದೇ ಮತಪತ್ರದಲ್ಲಿ 'ಇಂಡಿಪೆಂಡೆಂಟ್ ಗ್ರೀನ್ ವಾಯ್ಸ್' ಎಂಬ ಬೇರೆಯೇ ಪಕ್ಷವಿತ್ತು, ಅದಕ್ಕೆ 2,000ಕ್ಕೂ ಹೆಚ್ಚು ಮತ ಬಿದ್ದಿತ್ತು. ಹೆಸರಿನ ಒಂದು ಪದ ನೋಡಿ ಗುರುತು ಹಾಕಬೇಡಿ. ಪೂರ್ತಿ ಹೆಸರು ಓದಿ, ಚಿಹ್ನೆ ನೋಡಿ.

ಕ್ಷೇತ್ರ ಮತ್ತು ಪ್ರಾಂತ್ಯಗಳ ಗಡಿ 2026ರ ಚುನಾವಣೆಗೆ ಬದಲಾಗಿದೆ, ಕೆಲವು ಹೆಸರುಗಳೂ ಬದಲಾಗಿವೆ. ಹಳೆಯ ಫಲಿತಾಂಶದ ಪಟ್ಟಿಯಲ್ಲಿ ನಿಮ್ಮ ಕ್ಷೇತ್ರ ಹುಡುಕುವ ಬದಲು ಪಾರ್ಲಿಮೆಂಟಿನ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿ ನೋಡಿ.

ಹಂತ 4: ಮತದಾನದ ದಿನ

ಬೂತು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ. 10ಕ್ಕೆ ಸಾಲಿನಲ್ಲಿದ್ದರೆ ಮತ ಹಾಕಲು ಬಿಡಲೇಬೇಕು. ಹಾಲಿರೂಡ್ ಚುನಾವಣೆಗೆ ಬೂತಿನಲ್ಲಿ ಫೋಟೊ ಗುರುತಿನ ಚೀಟಿ ಬೇಡ, ವೆಸ್ಟ್‌ಮಿನ್‌ಸ್ಟರ್ ಚುನಾವಣೆಗೆ ಬೇಕು. ಮನೆಗೆ ಬಂದ ಪೋಲ್ ಕಾರ್ಡ್ ಮರೆತರೂ ಹೆಸರು, ವಿಳಾಸ ಹೇಳಿದರೆ ಸಾಕು.

ಎರಡೂ ಪತ್ರಗಳಲ್ಲಿ ಒಂದೊಂದೇ ಕತ್ತರಿ ಗುರುತು (×) ಹಾಕಿ. 1, 2, 3 ಎಂದು ಅಂಕಿ ಬರೆಯುವುದು ಕೌನ್ಸಿಲ್ ಚುನಾವಣೆಯ ಪದ್ಧತಿ, ಅದನ್ನು ಇಲ್ಲಿಗೆ ತರಬೇಡಿ. 2007ರಲ್ಲಿ ಎರಡೂ ಚುನಾವಣೆ ಒಂದೇ ದಿನ ನಡೆದವು. ಪಾರ್ಲಿಮೆಂಟಿನ ಎರಡೂ ಮತಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಮುದ್ರಿಸಿದ್ದರು. ಎಡಗಡೆಯೇ ಎರಡು ಗುರುತು ಹಾಕಿ ಬಲಗಡೆ ಖಾಲಿ ಬಿಟ್ಟಂಥ ತಪ್ಪುಗಳಿಂದ 1,40,000ಕ್ಕೂ ಹೆಚ್ಚು ಮತಗಳು ತಿರಸ್ಕೃತವಾದವು. ಮುಂದಿನ ಚುನಾವಣೆಗೆ ಮತಪತ್ರ ಬೇರೆ ಬೇರೆಯಾಯಿತು.

ಆ ದಿನ ಊರಿನಲ್ಲಿರದಿದ್ದರೆ ಅಂಚೆ ಮತಕ್ಕೆ 11 ಕೆಲಸದ ದಿನ ಮೊದಲು, ನಿಮ್ಮ ಪರವಾಗಿ ಇನ್ನೊಬ್ಬರು ಹಾಕುವ ಪ್ರಾಕ್ಸಿ ಮತಕ್ಕೆ 6 ಕೆಲಸದ ದಿನ ಮೊದಲು, ಸಂಜೆ 5ರೊಳಗೆ ಅರ್ಜಿ ತಲುಪಬೇಕು. ಬೆಂಗಳೂರಿಗೆ ಹೋಗಿರುವವರು ಪ್ರಾಕ್ಸಿಯನ್ನೇ ಆರಿಸಿಕೊಳ್ಳಿ. ಮತಪತ್ರ ಅಲ್ಲಿಗೆ ಬಂದು ತುಂಬಿ ವಾಪಸು ತಲುಪುವಷ್ಟು ಸಮಯ ಇರುವುದಿಲ್ಲ. ಅಂಚೆ ಮತದ ಜೊತೆಗಿನ ಹೇಳಿಕೆಯಲ್ಲಿ ಸಹಿ ಮತ್ತು ಹುಟ್ಟಿದ ದಿನಾಂಕ, ಅರ್ಜಿಯಲ್ಲಿ ಕೊಟ್ಟಿದ್ದಕ್ಕೆ ತಾಳೆಯಾಗಬೇಕು. ಅರ್ಜಿಗೆ ಕನ್ನಡದಲ್ಲಿ, ಹೇಳಿಕೆಗೆ ಇಂಗ್ಲಿಷಿನಲ್ಲಿ ಸಹಿ ಹಾಕಿದರೆ ಮತ ಎಣಿಕೆಗೇ ಹೋಗದು. ವೆಸ್ಟ್‌ಮಿನ್‌ಸ್ಟರ್ ಚುನಾವಣೆಗೆ ಹಿಂದೆ ಹಾಕಿದ ಅಂಚೆ ಅರ್ಜಿ ಇದಕ್ಕೂ ಸಲ್ಲುತ್ತದೆ ಎಂದು ನಂಬಿ ಕೂರಬೇಡಿ, ನೋಂದಣಿ ಕಚೇರಿಗೆ ಫೋನ್ ಮಾಡಿ ಕೇಳಿ.

ಓದುವ ಊರು, ಮನೆಯವರಿರುವ ಊರು ಎರಡರಲ್ಲೂ ಹೆಸರಿರುವ ವಿದ್ಯಾರ್ಥಿಗಳು ಒಂದೇ ಕಡೆ ಮತ ಹಾಕಬೇಕು. ಎರಡು ಸಲ ಹಾಕಿದರೆ ಅಪರಾಧ.

ಹಂತ 5: ನಿಮ್ಮ ಎಂಟು ಸದಸ್ಯರಿಗೆ ಬರೆಯಿರಿ

ಸದಸ್ಯರನ್ನು ಎಂಎಸ್‌ಪಿ ಎನ್ನುತ್ತಾರೆ. ಕ್ಷೇತ್ರದವರು ಒಬ್ಬರು, ಪ್ರಾಂತ್ಯದವರು ಏಳು, ನಿಮಗೆ ಒಟ್ಟು ಎಂಟು ಮಂದಿ. ಎಂಟು ಮಂದಿಯ ಸ್ಥಾನವೂ ಸಮಾನ. ನೀವು ಓಟು ಹಾಕಿದ್ದೀರೋ ಇಲ್ಲವೋ, ಯಾರಿಗೆ ಹಾಕಿದ್ದೀರಿ ಎಂಬುದನ್ನು ಯಾರೂ ಕೇಳುವುದಿಲ್ಲ. ಶಿಫಾರಸು, ಪರಿಚಯದವರ ಮಾತು ಏನೂ ಬೇಡ. ನೇರ ಇಮೇಲ್ ಮಾಡಿ, ಅಥವಾ 'ಸರ್ಜರಿ'ಗೆ ಹೋಗಿ. ಸರ್ಜರಿ ಎಂದರೆ ಸದಸ್ಯರು ಜನರನ್ನು ಮುಖಾಮುಖಿ ಭೇಟಿ ಮಾಡಲು ಇಟ್ಟ ಹೊತ್ತು. ಮೊದಲೇ ಸಮಯ ಕೇಳಿಕೊಳ್ಳುವುದು ಒಳ್ಳೆಯದು.

ಪತ್ರ ಒಂದು ಪುಟ ಮೀರದಿರಲಿ. ಪೂರ್ತಿ ಹೆಸರು, ಪೋಸ್ಟ್‌ಕೋಡ್ ಸಹಿತ ವಿಳಾಸ ಮೊದಲು. ಅದಿಲ್ಲದಿದ್ದರೆ ನೀವು ಅವರ ಮತದಾರರೇ ಎಂದು ಕೇಳುವುದರಲ್ಲೇ ಒಂದು ವಾರ ಹೋಗುತ್ತದೆ. ಆಮೇಲೆ ಏನಾಯಿತು ಎಂಬುದು ದಿನಾಂಕ ಸಮೇತ, ಯಾರಿಗೆ ದೂರು ಕೊಟ್ಟಿರಿ, ಏನು ಉತ್ತರ ಬಂತು. ಕೊನೆಯಲ್ಲಿ ಅವರಿಂದ ಏನಾಗಬೇಕು ಎಂಬುದು ಒಂದೇ ವಾಕ್ಯದಲ್ಲಿ. "ದಯವಿಟ್ಟು ಸಹಾಯ ಮಾಡಿ" ಎಂದರೆ ಸಹಾನುಭೂತಿಯ ಉತ್ತರ ಬರುತ್ತದೆ, ಅಷ್ಟೇ. "ಆರೋಗ್ಯ ಮಂಡಳಿಗೆ ಬರೆದು ನನ್ನ ಶಸ್ತ್ರಚಿಕಿತ್ಸೆಯ ದಿನಾಂಕ ಕೇಳಿ" ಎಂದರೆ ಕೆಲಸ ಆಗುತ್ತದೆ.

ನಿಮ್ಮೊಬ್ಬರದ್ದಲ್ಲದ, ನೀತಿಯ ವಿಷಯವಾದರೆ ಸರ್ಕಾರಕ್ಕೆ ಲಿಖಿತ ಪ್ರಶ್ನೆ ಹಾಕುವಂತೆ ಕೋರಿ. ಸದನ ನಡೆಯುವ ದಿನಗಳಲ್ಲಿ ಸಾಮಾನ್ಯವಾಗಿ 10 ಕೆಲಸದ ದಿನಗಳಲ್ಲಿ ಉತ್ತರ ಬರುತ್ತದೆ, ಅದು ಎಲ್ಲರೂ ನೋಡುವಂತೆ ಪ್ರಕಟವಾಗುತ್ತದೆ.

ಇಲ್ಲಿ ಆಗುವ ತಪ್ಪುಗಳು ಮುಖ್ಯವಾಗಿ ಮೂರು. ವೀಸಾ ವಿಷಯ ಬರೆಯುವುದು: ಅದಕ್ಕೆ ವೆಸ್ಟ್‌ಮಿನ್‌ಸ್ಟರಿನ ನಿಮ್ಮ ಎಂಪಿ ಬೇಕು. ಎಂಟೂ ಮಂದಿಗೆ ಒಂದೇ ಪತ್ರ ಕಳುಹಿಸುವುದು: ಬೇರೊಬ್ಬರು ನೋಡಿಕೊಳ್ಳುತ್ತಾರೆಂದು ಎಂಟೂ ಜನ ಸುಮ್ಮನಿರುವ ಸಾಧ್ಯತೆಯೇ ಹೆಚ್ಚು, ಒಬ್ಬರನ್ನು ಆರಿಸಿಕೊಳ್ಳಿ. ಸಂಸ್ಥೆಯ ದೂರು ಪ್ರಕ್ರಿಯೆ ಮುಗಿಸದೆ ಬರುವುದು: ಕೌನ್ಸಿಲ್, ವಿಶ್ವವಿದ್ಯಾಲಯ, ಎನ್‌ಎಚ್‌ಎಸ್‌ನಂಥ ಕಡೆ ಮೊದಲ ಹಂತಕ್ಕೆ 5, ಎರಡನೇ ಹಂತಕ್ಕೆ 20 ಕೆಲಸದ ದಿನಗಳ ಗಡುವಿದೆ. ಅದಾದ ಮೇಲೂ ಸರಿಹೋಗದಿದ್ದರೆ ಸಾರ್ವಜನಿಕ ಸೇವೆಗಳ ಓಂಬುಡ್ಸ್‌ಮನ್ (ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ) ಇದ್ದಾರೆ. ತೊಂದರೆ ಗೊತ್ತಾದ 12 ತಿಂಗಳೊಳಗೆ ಅವರ ಬಳಿ ಹೋಗಬೇಕು.

ಹಂತ 6: ಅರ್ಜಿ ಸಲ್ಲಿಸಿ

ಈ ಪಾರ್ಲಿಮೆಂಟಿನ ಅತ್ಯಂತ ಉದಾರವಾದ ಬಾಗಿಲು ಇದು. ವೆಸ್ಟ್‌ಮಿನ್‌ಸ್ಟರಿನಲ್ಲಿ ಸರ್ಕಾರದ ಉತ್ತರಕ್ಕೆ 10,000 ಸಹಿ, ಚರ್ಚೆಗೆ ಪರಿಗಣಿಸಲು 1,00,000 ಸಹಿ ಬೇಕು. ಹಾಲಿರೂಡಿನಲ್ಲಿ ಒಂದೇ ಸಹಿ ಸಾಕು, ನಿಮ್ಮದು. ನಿಯಮಕ್ಕೆ ಒಪ್ಪುವ ಪ್ರತಿ ಅರ್ಜಿಯನ್ನೂ ಅರ್ಜಿಗಳ ಸಮಿತಿ ಕೈಗೆತ್ತಿಕೊಳ್ಳುತ್ತದೆ. ಬೇಕೆಂದರೆ ನಾಲ್ಕು ವಾರ ಜಾಲತಾಣದಲ್ಲಿ ಸಹಿ ಸಂಗ್ರಹಿಸಬಹುದು.

ಅರ್ಜಿಯಲ್ಲಿ ಬೇಕಾದದ್ದು: ಒಂದು ಶೀರ್ಷಿಕೆ, "ಸ್ಕಾಟಿಷ್ ಸರ್ಕಾರ ಇಂಥದ್ದನ್ನು ಮಾಡುವಂತೆ ಪಾರ್ಲಿಮೆಂಟ್ ಒತ್ತಾಯಿಸಬೇಕು" ಎಂಬ ಒಂದು ಕೋರಿಕೆ, ಹಿನ್ನೆಲೆ, ಇದುವರೆಗೆ ನೀವು ಮಾಡಿದ ಪ್ರಯತ್ನ. ಈ ಕೊನೆಯದಕ್ಕಾಗಿಯೇ ಐದನೇ ಹಂತದ ಪತ್ರಗಳನ್ನು ತೆಗೆದಿಟ್ಟುಕೊಳ್ಳಿ.

ವಾಪಸು ಬರುವ ಅರ್ಜಿಗಳು ಸಾಮಾನ್ಯವಾಗಿ ಇವು: ಲಂಡನ್ನಿಗೆ ಸೇರಿದ ವಿಷಯ, ನಿಮ್ಮ ಸ್ವಂತ ಪ್ರಕರಣ, ಕೌನ್ಸಿಲ್ ತೀರ್ಮಾನಿಸಬೇಕಾದದ್ದು, ನ್ಯಾಯಾಲಯದಲ್ಲಿರುವುದು. ಸ್ವಂತ ತೊಂದರೆಯನ್ನು ನಿಯಮದ ಪ್ರಶ್ನೆಯಾಗಿ ತಿರುಗಿಸಿ ಬರೆಯುವುದನ್ನು ಕಲಿಯಬೇಕು. "ನನ್ನ ಮಾಲೀಕ ಮುಂಗಡ ಕೊಡಲಿಲ್ಲ" ಎಂಬುದು ವಸತಿ ನ್ಯಾಯಮಂಡಳಿಗೆ. "ಮುಂಗಡದ ದೂರಿಗೆ ಬಾಡಿಗೆ ಮುಗಿದ ಮೂರು ತಿಂಗಳ ಗಡುವು ವಿದೇಶಿ ವಿದ್ಯಾರ್ಥಿಗಳಿಗೆ ಸಾಲದು, ವಿಸ್ತರಿಸಿ" ಎಂಬುದು ಸಮಿತಿಗೆ.

ಫಲ ಸಿಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಯೋನಿಮಾರ್ಗದ ಮೆಶ್ (ಶಸ್ತ್ರಚಿಕಿತ್ಸೆಯಲ್ಲಿ ಒಳಗಿಡುವ ಜಾಲರಿ) ಅಳವಡಿಕೆಯಿಂದ ನರಳಿದ ಮಹಿಳೆಯರು 2014ರಲ್ಲಿ ಸಲ್ಲಿಸಿದ ಅರ್ಜಿ, ಸಂಖ್ಯೆ 1517, ಇದಕ್ಕೆ ದೊಡ್ಡ ಉದಾಹರಣೆ. ಅವರು ಸಮಿತಿಯ ಮುಂದೆ ಕೂತು ತಮ್ಮ ನೋವನ್ನು ಹೇಳಿಕೊಂಡರು. ಅದೇ ವರ್ಷ ಆ ಚಿಕಿತ್ಸೆ ನಿಲ್ಲಿಸುವಂತೆ ಸರ್ಕಾರ ಆರೋಗ್ಯ ಮಂಡಳಿಗಳಿಗೆ ಹೇಳಿತು. ಸ್ವಂತ ಖರ್ಚಿನಲ್ಲಿ ಮೆಶ್ ತೆಗೆಸಿಕೊಂಡವರಿಗೆ ಹಣ ಮರಳಿಸುವ ಕಾನೂನು 2022ರಲ್ಲಿ ಬಂತು.

ಚುನಾವಣೆ ಹತ್ತಿರವಿದ್ದಾಗ ಅರ್ಜಿ ಹಾಕಬೇಡಿ. ಸದನ ವಿಸರ್ಜನೆಯಾಗುವ ಮೊದಲೇ ಸ್ವೀಕಾರ ನಿಲ್ಲುತ್ತದೆ.

ಹಂತ 7: ಮಸೂದೆಗೆ ಅಭಿಪ್ರಾಯ ಕಳುಹಿಸಿ

ಕರ್ನಾಟಕದಲ್ಲಿ ವಿಧಾನಸಭೆ ದಾಟಿದ ಮಸೂದೆಗೆ ವಿಧಾನ ಪರಿಷತ್ತು ಇದೆ. ಹಾಲಿರೂಡಿನಲ್ಲಿ ಮೇಲ್ಮನೆ ಇಲ್ಲ, ಆದ್ದರಿಂದ ಸಮಿತಿಗಳ ಕೆಲಸಕ್ಕೆ ತೂಕ ಹೆಚ್ಚು. ಮಸೂದೆಗೆ ಮೂರು ಹಂತ: ಒಂದನೆಯದರಲ್ಲಿ ಒಟ್ಟು ಆಶಯದ ವಿಚಾರಣೆ, ಎರಡನೆಯದರಲ್ಲಿ ಸಾಲು ಸಾಲಾಗಿ ತಿದ್ದುಪಡಿ, ಮೂರನೆಯದರಲ್ಲಿ ಇಡೀ ಸದನದ ಅಂತಿಮ ಮತ. ಆಮೇಲೆ ನಾಲ್ಕು ವಾರ, ಹಾಲಿರೂಡ್ ತನ್ನ ಅಧಿಕಾರ ಮೀರಿದೆ ಎನಿಸಿದರೆ ಸುಪ್ರೀಂ ಕೋರ್ಟಿಗೆ ಒಯ್ಯಲು ಅವಕಾಶವಿದೆ. ಮಕ್ಕಳ ಹಕ್ಕುಗಳ ಮಸೂದೆ 2021ರಲ್ಲಿ ಹೀಗೆ ತಡೆದು, ತಿದ್ದಿ, 2023ರ ಡಿಸೆಂಬರಿನಲ್ಲಿ ಮತ್ತೆ ಪಾಸಾಯಿತು.

ನಿಮ್ಮ ಮಾತು ನಾಟುವುದು ಒಂದನೇ ಹಂತದಲ್ಲಿ. ಸಮಿತಿ 'ಕಾಲ್ ಫಾರ್ ವ್ಯೂಸ್' ಎಂದು ಪ್ರಕಟಿಸಿ ಪ್ರಶ್ನೆಗಳನ್ನು ಕೊಡುತ್ತದೆ. ಎಲ್ಲಕ್ಕೂ ಉತ್ತರಿಸಬೇಕಿಲ್ಲ, ನಿಮ್ಮ ಅನುಭವಕ್ಕೆ ತಾಗುವ ಒಂದೆರಡಕ್ಕೆ ಗಟ್ಟಿಯಾಗಿ ಬರೆದರೆ ಸಾಕು. ಉತ್ತರ ಹೆಸರಿನೊಂದಿಗೆ ಪ್ರಕಟವಾಗಬಹುದು, ಬೇಡವೆಂದರೆ ಅಲ್ಲೇ ಆಯ್ಕೆ ಇರುತ್ತದೆ. ಮೂರನೇ ಹಂತದ ಹಿಂದಿನ ದಿನ ಕಳುಹಿಸಿದ ಸಾಮೂಹಿಕ ಇಮೇಲ್‌ನಿಂದ ಮಸೂದೆಯ ಒಂದು ಪದ ಬದಲಾಗುವುದೂ ಕಷ್ಟ.

ಹಂತ 8: ಒಮ್ಮೆ ಗ್ಯಾಲರಿಯಲ್ಲಿ ಕೂತು ನೋಡಿ

ಪ್ರವೇಶ ಉಚಿತ, ಬಾಗಿಲಲ್ಲಿ ವಿಮಾನ ನಿಲ್ದಾಣದಂಥ ತಪಾಸಣೆ. ಸಮಿತಿಗಳು ಹೆಚ್ಚಾಗಿ ಮಂಗಳವಾರದಿಂದ ಗುರುವಾರದವರೆಗೆ ಬೆಳಿಗ್ಗೆ ಸೇರುತ್ತವೆ, ಸದನ ಅದೇ ದಿನಗಳಲ್ಲಿ ಮಧ್ಯಾಹ್ನ. ಫಸ್ಟ್ ಮಿನಿಸ್ಟರ್, ಅಂದರೆ ಇಲ್ಲಿನ ಮುಖ್ಯಮಂತ್ರಿ, ಗುರುವಾರ ಮಧ್ಯಾಹ್ನ 12ಕ್ಕೆ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಅದಕ್ಕೆ ಟಿಕೆಟ್ ಮೊದಲೇ ಕಾಯ್ದಿರಿಸಿ. ಕಲಾಪದ ಮತಗಳು ಸಾಮಾನ್ಯವಾಗಿ ಸಂಜೆ 5ರ ಸುಮಾರಿಗೆ ಒಟ್ಟಿಗೆ ನಡೆಯುತ್ತವೆ. ನಿಮ್ಮ ಎಂಎಸ್‌ಪಿ ಯಾವ ಕಡೆ ಎಂದು ಅಲ್ಲೇ ನೋಡಬಹುದು. ಜುಲೈ, ಆಗಸ್ಟ್‌ನಲ್ಲಿ ಬೇಸಿಗೆ ರಜೆ, ಹೋದರೆ ಕಟ್ಟಡ ಮಾತ್ರ ನೋಡಿ ಬರುತ್ತೀರಿ. ಹೊರಡುವ ಮುನ್ನ ಆ ದಿನದ ಕಾರ್ಯಕಲಾಪ ಪಟ್ಟಿಯಾದ 'ಬಿಸಿನೆಸ್ ಬುಲೆಟಿನ್' ನೋಡಿಕೊಳ್ಳಿ, ಸಮಯ ಬದಲಾಗುವುದುಂಟು.